ನೀರು ಕುಡಿದ ಹಲಗೆ

“ಕಿರ್‍ರ್...”

“ಈಗ ಕಿರ್‍ರ್ ಅಂದಿದ್ದು ನೀನೋ ಹಲಗೆಯೋ?” ಎಂದಳು ರೇಡಿಯೋ.

“ನಾನ್ಯಾಕೆ ಅನ್ಲಿ? ನೋಡೇ, ಬಿಲ್ಲಿನ ಥರ ಬಗ್ತಿದೆ!” ಗೆಳೆಯ ಗುಂಡ ಹಲಗೆಯಿಂದ ಕೆಳಕ್ಕೆ ಹಾರಿದ.

ರೇಡಿಯೋ ಅಂದರೆ ಕ್ಲಾಸಿನವರು ಇಟ್ಟ ಹೆಸರು. ಯಾರ ದನಿ ಕಿವಿಗೆ ಬಿದ್ದರೂ ಅವಳು ಹಾಗೆಹಾಗೇ ಪ್ರಸಾರ ಮಾಡುತ್ತಿದ್ದಳು. ಹಲಗೆ ಮಾತ್ರ ಅವಳ ಸ್ವಂತದ್ದು. ಅಮ್ಮನ ವರ್ಕ್‌ಶಾಪಿನಲ್ಲಿ ಕುರ್ಚಿಯ ಸೀಟು ಮಾಡುವ ಹಾಗೆಯೇ, ಗೋಣಿಬಟ್ಟೆಯನ್ನು ಪದರ ಪದರವಾಗಿ ಹಾಸಿ, ರೆಸಿನ್ ಅನ್ನುವ ಅಂಟು ಬಳಿದು, ಒತ್ತಿ ಗಟ್ಟಿ ಮಾಡಿದ್ದು. ಹೋದ ವಾರ ಎರಡು ಇಟ್ಟಿಗೆಗಳ ಮೇಲೆ ಇಟ್ಟಾಗ ಅಪ್ಪನೇ ಹತ್ತಿ ನಿಂತಿದ್ದ. ಜಪ್ಪಯ್ಯ ಅಂದರೂ ಬಗ್ಗಿರಲಿಲ್ಲ.

ಆ ಧೈರ್ಯದಲ್ಲೇ ಅವಳು ಶಾಲೆಯಲ್ಲಿ, “ಗೋಣಿಬಟ್ಟೆ ಅಂತ ನಗಬೇಡಿ. ಎಕ್ಸಿಬಿಷನ್ ದಿನ ಹೆಡ್ ಮೇಡಮ್ಮೇ ಇದರ ಮೇಲೆ ನಿಲ್ತಾರೆ!” ಎಂದು ಸಾರಿಬಿಟ್ಟಿದ್ದಳು. ಮೇಡಂ ಕೂಡ, “ಆಗಲಿ, ನಿಂತರಾಯ್ತು” ಎಂದಿದ್ದರು.

ಎಕ್ಸಿಬಿಷನ್ ನಾಳೆ!

ರೇಡಿಯೋ ಹಲಗೆ ಹೊತ್ತು ವರ್ಕ್‌ಶಾಪಿಗೆ ಓಡಿದಳು. ಅಮ್ಮ ಹಲಗೆಯ ಅಂಚನ್ನು ಬೆರಳಿನಿಂದ ಸವರಿದಳು.

“ಎಲ್ಲಿಟ್ಟಿದ್ದೆ ಇದನ್ನ?”

“ಬಾತ್‌ರೂಮಲ್ಲಿ. ದಿನಾ ತೊಳೆದು ನೀರಿನ ಬಕೆಟ್‌ನಲ್ಲಿ ನಿಲ್ಲಿಸ್ತಿದ್ದೆ. ಪಳಪಳ ಅನ್ಲಿ ಅಂತ.”

“ಹಲಗೆಗೆ ದಿನಾ ಸ್ನಾನ! ನಿನಗೆ ಸ್ನಾನ ಮಾಡು ಅಂದ್ರೆ ಮನೆಯೆಲ್ಲಾ ಓಡಾಡಿಸ್ತೀಯ.” ಅಮ್ಮ ನಕ್ಕಳು. “ಕೊಯ್ದ ಅಂಚಿಗೆ ರೆಸಿನ್ ಹಚ್ಚು ಅಂದಿದ್ನಲ್ಲ?”

“ಹಚ್ಚಿಲ್ಲ. ನಾರಿನ ತುದಿ ಮೀಸೆ ಥರ ಚೆನ್ನಾಗಿ ಕಾಣ್ತಿತ್ತು...”

“ಆ ಮೀಸೇನೇ ನೀರು ಕುಡಿದಿರೋದು. ಬಾ ಇಲ್ಲಿ. ನೀನು ನಾರು, ನಾನು ರೆಸಿನ್. ಕೈ ಹಿಡ್ಕೊಂಡು ಎಳಿ.”

ರೇಡಿಯೋ ಎಳೆದಳು. ಅಮ್ಮನ ಹಿಡಿತ ಬಿಡಲೇ ಇಲ್ಲ.

“ಈಗ ಕೈ ಒದ್ದೆ ಮಾಡ್ಕೊಂಡು ಬಾ.”

ಈ ಸಲ ಕೈ ಪುಸಕ್ಕನೆ ಜಾರಿತು. ರೇಡಿಯೋ ದೊಪ್ಪೆಂದು ಗೋಣಿಬಟ್ಟೆಯ ರಾಶಿಯ ಮೇಲೆ ಕೂತಳು.

“ನಾರು ನೀರು ಕುಡಿದ್ರೆ ಊದ್ಕೊಳ್ಳುತ್ತೆ, ಮೆತ್ತಗಾಗುತ್ತೆ. ರೆಸಿನ್ ಜೊತೆಗಿನ ಹಿಡಿತ ತಪ್ಪುತ್ತೆ. ಆಮೇಲೆ ಭಾರ ಹೊರೋದ್ಯಾರು?”

“ಫ್ಯಾನ್ ಕೆಳಗಿಟ್ರೆ?”

“ಒಣಗಿದ್ರೆ ಸ್ವಲ್ಪ ಸುಧಾರಿಸ್ಕೊಳ್ಳುತ್ತೆ. ಆದ್ರೆ ಒಂದ್ಸಲ ಬಿಟ್ಟುಹೋದ ಹಿಡಿತ ಪೂರ್ತಿ ವಾಪಸ್ ಬರಲ್ಲ.”

ಹಲಗೆ ಮಾಡಿದ ದಿನ ಮಿಕ್ಕಿದ್ದ ಪಟ್ಟಿಯೊಂದು ಶೆಲ್ಫಿನಲ್ಲಿ ಒಣಗಿಯೇ ಇತ್ತು. ಅಮ್ಮ ಅದನ್ನು ತೆಗೆದಳು. ಒದ್ದೆ ಹಲಗೆಯ ಬದಿಯಿಂದಲೂ ಅಷ್ಟೇ ಅಗಲದ ಪಟ್ಟಿ ಕೊಯ್ದಳು. “ಎರಡನ್ನೂ ತೋರಿಸು. ನಿಲ್ಲೋದು ಬೇಡ ಅಂತ ಮೇಡಂಗೆ ಹೇಳು.”

ರೇಡಿಯೋ ತಲೆಯಾಡಿಸಿದಳು. ಆದರೆ ಪಟ್ಟಿಗಳು ಬ್ಯಾಗಿನ ತಳ ಸೇರಿದವು. ಇಡೀ ಶಾಲೆಯ ಮುಂದೆ ‘ನನ್ನ ಹಲಗೆ ಕೆಟ್ಟಿದೆ’ ಅನ್ನೋದೇ? ಛೆ!

ಬೆಳಿಗ್ಗೆ ಗುಂಡನೇ ಉಪಾಯ ಹೇಳಿದ. “ನಡುವೆ ಇನ್ನೊಂದು ಇಟ್ಟಿಗೆ ಇಟ್ಟು ಬಟ್ಟೆ ಮುಚ್ಚಿಬಿಡು. ಯಾರಿಗೆ ಗೊತ್ತಾಗುತ್ತೆ?”

ಹಾಗೇ ಮಾಡಿದಳು. ಹಾಲ್‌ನಲ್ಲಿ ಮಕ್ಕಳು ಮುತ್ತಿಕೊಂಡರು. ರೇಡಿಯೋ ಜೋರಾಗಿಯೇ ಶುರು ಮಾಡಿದಳು, “ಬನ್ನಿ ಬನ್ನಿ! ಗೋಣಿಯ ಗತ್ತು ನೋಡ ಬನ್ನಿ!”

ಹೆಡ್ ಮೇಡಂ ಬಂದರು. ಚಪ್ಪಲಿ ಬಿಟ್ಟರು. “ಮಂಡಿನೋವು ಕಣಮ್ಮ, ಸ್ವಲ್ಪ ಹಿಡ್ಕೋ” ಎಂದು ಅವಳ ಕೈಹಿಡಿದು ಒಂದು ಕಾಲು ಮೇಲಿಟ್ಟರು. ಹಲಗೆ ಇಟ್ಟಿಗೆಯ ಮೇಲೆ ಒಂದಿಷ್ಟು ವಾಲಿತು. ಮೇಡಂ ಭಾರವೆಲ್ಲ ಅವಳ ಕೈಮೇಲೆ ಬಂತು.

“ಬೇಡ ಮೇಡಂ! ಇಳೀರಿ, ಇಳೀರಿ!”

ಮೇಡಂ ಕಾಲು ಕೆಳಗಿಟ್ಟರು. ರೇಡಿಯೋ ಬಟ್ಟೆ ಸರಿಸಿ ನಡುವಿನ ಇಟ್ಟಿಗೆಯನ್ನು ಹೊರಗೆಳೆದಳು. ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು.

“ಇದು ನೀರು ಕುಡಿದಿದೆ ಮೇಡಂ. ನಾನೇ ಕುಡಿಸಿದ್ದು.”

“ಕುಡಿದರೆ ಏನಾಗುತ್ತೆ?” ಮೇಡಂ ಗದರಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದರು.

ಆಗ ಪಟ್ಟಿಗಳು ಬ್ಯಾಗಿನಿಂದ ಹೊರಬಂದವು. ಎರಡು ಬೆಂಚಿನ ನಡುವೆ ಒಣಪಟ್ಟಿ ಇಟ್ಟು ಗುಂಡನ ಬ್ಯಾಗ್ ನೇತುಹಾಕಿದಳು. ಪಟ್ಟಿ ಗಟ್ಟಿಯಾಗಿ ನಿಂತಿತು. ಒದ್ದೆಪಟ್ಟಿಗೆ ಅದೇ ಬ್ಯಾಗ್ ಹಾಕಿದಳು. ಅದು ಬಾಗಿ, ಬಾಗಿ, ಬ್ಯಾಗ್ ನೆಲ ಮುಟ್ಟಿತು.

“ಇನ್ನೊಂದ್ಸಲ! ಇನ್ನೊಂದ್ಸಲ!” ಮಕ್ಕಳು ಕುಣಿದರು. ರೇಡಿಯೋ ಮತ್ತೆ ಮತ್ತೆ ತೋರಿಸಿದಳು. ನಾರು, ಹಿಡಿತ, ಹಚ್ಚದೆ ಬಿಟ್ಟ ಅಂಚು, ಎಲ್ಲವನ್ನೂ ಹೇಳಿದಳು. ಕೇಳಿದ ಪ್ರಶ್ನೆಗೆಲ್ಲ ಪಟಪಟ ಉತ್ತರ.

“ಥೂ, ಮೇಡಂ ನಿಂತಿದ್ರೆ ಎಷ್ಟು ಮಜಾ ಇರ್ತಿತ್ತು” ಎಂದ ಗುಂಡ.

ರೇಡಿಯೋ ಬಾಗಿಲ ಕಡೆ ನೋಡಿದಳು. ಮೇಡಂ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲನ್ನು ನೋಡಿ ನೋಡಿ ಇಳಿಯುತ್ತಿದ್ದರು.

ಅವಳ ಹಲಗೆ ಹತ್ತುವಾಗ ಮಾತ್ರ, ಕೆಳಗೇನಿದೆ ಎಂದು ಅವರು ಬಗ್ಗಿ ಕೂಡ ನೋಡಿರಲಿಲ್ಲ.