ಮುಚ್ಚಿದ ಗಣಿಯ ಬಡಿತ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಗಣಿ ಕುಸಿದಾಗ ನನ್ನ ಭಾವ, ಅಕ್ಕನ ಗಂಡ, ಒಳಗಿದ್ದರು. ಎರಡೇ ದಿನ ಹುಡುಕಿಸಿ, ಯಾರೂ ಬದುಕಿಲ್ಲವೆಂದು ಮ್ಯಾನೇಜರ್ ಗಣಿಯ ಬಾಯಿಗೆ ಕಾಂಕ್ರೀಟ್ ಸುರಿಸಿಬಿಟ್ಟ.

ನನ್ನ ಕೆಲಸ ಅಲ್ಲಿನ ಭೂಕಂಪನ ಮಾಪನ ಕೇಂದ್ರದಲ್ಲಿ. ನೆಲದೊಳಗಿನ ಅಲೆಗಳು ಯಂತ್ರಗಳಿಗೆ ಯಾವಾಗ ತಲುಪಿದವು ಎಂಬುದನ್ನು ನೋಡಿ, ಅವು ಎಲ್ಲಿ, ಎಷ್ಟು ಆಳದಲ್ಲಿ ಹುಟ್ಟಿದವೆಂದು ಲೆಕ್ಕ ಹಾಕುತ್ತೇನೆ. ಗಣಿ ಮುಚ್ಚಿದ ಮರುದಿನ ಮಧ್ಯಾಹ್ನ ಮೂರು ಮೂರರಂತೆ ಸಣ್ಣ ಬಡಿತಗಳು ದಾಖಲಾದವು. ಆಳ ನಾನೂರು ಮೀಟರ್. ಭಾವ ಕೆಲಸ ಮಾಡುತ್ತಿದ್ದದ್ದು ಅಲ್ಲಿಯೇ.

ಓಡಿಹೋಗಿ ಮ್ಯಾನೇಜರನಿಗೆ ತೋರಿಸಿದೆ.

"ಕಲ್ಲು ಕುಸೀತಾ ಇದೆ ಅಷ್ಟೇ. ಸುಮ್ನೆ ತಲೆ ತಿನ್ಬೇಡಿ," ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. "ಕಲ್ಲು ಮೂರ್ಮೂರು ಸಲ ಎಣಿಸ್ಕೊಂಡು ಬಡಿಯುತ್ತಾ?" ಎಂದು ಕೂಗಿದೆ. ಅವನು ನನ್ನನ್ನು ಹೊರಗೆ ಹಾಕಿಸಿದ.

ತಿಂಗಳುಗಳು ಕಳೆದವು. ಗಾಳಿಯಿಲ್ಲದ ಕಡೆ ಯಾರು ತಾನೆ ಬದುಕಿರುತ್ತಾರೆ? ಆದರೂ ಬಡಿತ ನಿಲ್ಲಲಿಲ್ಲ. ಆಳ ಮಾತ್ರ ಕಡಿಮೆಯಾಗುತ್ತ ಬಂತು: ಮುನ್ನೂರು, ನೂರು, ಹತ್ತು. ಯಂತ್ರ ಬದಲಿಸಿದರೂ ಲೆಕ್ಕ ಬದಲಾಗಲಿಲ್ಲ.

ನಿನ್ನೆ ಅಕ್ಕನನ್ನು ಕರೆದುಕೊಂಡು ಗಣಿಯ ಬಾಯಿಗೆ ಹೋದೆ. ಸುಡುಬಿಸಿಲಿನಲ್ಲೂ ಕಾಂಕ್ರೀಟ್ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಅಕ್ಕ ಅದಕ್ಕೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು. ಅವಳ ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಕೆಳಗೆ ನೋಡುತ್ತ, ಗಂಡನಿಗೆ ಹೇಳುವಂತೆ, "ಇಲ್ಲಲ್ಲ ಕಣ್ರೀ. ಆ ಮ್ಯಾನೇಜರನ ಮನೆ ಬಲಗಡೆಗಿದೆ," ಎಂದಳು.

ಇವತ್ತು ಕಾಂಕ್ರೀಟಿನಲ್ಲಿ ಒಂದು ಬಿರುಕೂ ಇಲ್ಲ. ಬಡಿತ ಮತ್ತೆ ದಾಖಲಾಗಿದೆ. ಅದು ಹುಟ್ಟಿರುವುದು ಮ್ಯಾನೇಜರನ ಮನೆಯ ಕೆಳಗೆ. ಆಳ ಒಂದು ಮೀಟರ್.