ರುಚಿ ನೋಡಿದ್ದು ತಿಂದ ಲೆಕ್ಕವಲ್ಲ

"ನಾಲಿಗೆ ತೋರ್ಸಿ."

"ಮೊದ್ಲು ನೀವು ತೋರ್ಸಿ."

ಪಥ್ಯದ ವೈದ್ಯ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಕೊಡೆ ರಿಪೇರಿ ಅಂಗಡಿಯ ಮೇಲಿನ ಈ ಪುಟ್ಟ ಕೋಣೆಗೆ ಎಂತೆಂಥವರೋ ಬಂದಿದ್ದರು. ಆದರೆ ವೈದ್ಯನ ನಾಲಿಗೆ ಪರೀಕ್ಷೆ ಮಾಡಲು ಬಂದವಳು ಇವಳೊಬ್ಬಳೇ.

ಅವನು ನಿಜಕ್ಕೂ ನಾಲಿಗೆ ಚಾಚಿದ!

ಅವಳಿಗೆ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದುಕೊಂಡಳು. 'ನಗಿಸಿ ಬುಟ್ಟಿಗೆ ಹಾಕ್ಕೊಳ್ಳೋ ಜಾತಿ ಇರ್ಬೇಕು... ಹುಷಾರಾಗಿರ್ಬೇಕು' ಅಂದುಕೊಂಡಳು.

ಪಾಪ, ಅವಳ ತಪ್ಪೇನೂ ಇಲ್ಲ ಬಿಡಿ. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳಂತೆ. ಹೊಟ್ಟೆ ಉಬ್ಬರ, ಮೊಣಕೈಯಲ್ಲಿ ತುರಿಕೆ, ಬಾಯಿ ಹುಣ್ಣು, ಎದ್ದರೆ ಕೂರಬೇಕೆನ್ನಿಸುವ ಸುಸ್ತು. ಇಷ್ಟನ್ನು ಹೊತ್ತುಕೊಂಡು ಅವಳು ಹತ್ತದ ಮೆಟ್ಟಿಲಿರಲಿಲ್ಲ. ಒಬ್ಬ ಅಂಗಾಲಿಗೆ ಅಯಸ್ಕಾಂತ ಕಟ್ಟಿದ. ಒಬ್ಬಳು ಕಿವಿಗೆ ಸೂಜಿ ಚುಚ್ಚಿದಳು. ಇನ್ನೊಬ್ಬ ಸೋರೆಕಾಯಿ ರಸ ಕುಡಿಸಿ ಕುಡಿಸಿ, ಕೊನೆಗೆ ಸೋರೆಕಾಯಿಯ ಹೆಸರೆತ್ತಿದರೆ ಓಡಿಹೋಗುವಂತೆ ಮಾಡಿದ. ಎಲ್ಲರೂ ಗುಣವಾಗುತ್ತೆ ಅಂದವರೇ.

ಈ ಪಥ್ಯದವನು ಮಾತ್ರ ಹಾಗೆನ್ನಲಿಲ್ಲ. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ. ಬೇಕರಿ ಎಂದಳು. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಬನ್ನಕ್ಕ ಎಂದು. ಅಪ್ಪ ಬಿಟ್ಟುಹೋದ ಒಲೆ, ಅವಳೇ ಹಿಟ್ಟು ನಾದುವುದು, ಅವಳೇ ಸುಡುವುದು. ಅಣ್ಣ ಗಾಡಿಯಲ್ಲಿ ಹಂಚುತ್ತಾನೆ, ಅತ್ತಿಗೆ ಗಲ್ಲಾದಲ್ಲಿ ಕೂರುತ್ತಾಳೆ.

ಅವನು ಅವಳ ಕೈಗಳನ್ನು ನೋಡಿದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟು ಉಳಿದಿತ್ತು. ಅವನ ಮುಖ ಯಾಕೋ ಇಳಿಯಿತು. ಏನೋ ಹೇಳಲು ಹೊರಟು ಮಾತು ನುಂಗಿದ.

'ಏನೋ ಮುಚ್ಚಿಟ್ಟ!' ಅವಳ ಕಣ್ಣಿಗೆ ಇಂಥದ್ದು ತಪ್ಪುವುದಿಲ್ಲ.

ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಗೋಧಿ, ಮೈದಾ ಪೂರ್ತಿ ಬಿಡಿ, ಔಷಧ ಏನೂ ಇಲ್ಲ ಎಂದ. ಔಷಧ ಕೊಡದ ವೈದ್ಯ, ಅದೂ ತಾನಾಗಿ ಆಸ್ಪತ್ರೆಗೆ ಕಳಿಸುವವನು! ಅಲ್ಲಿ ಇವನಿಗೆ ಕಮಿಷನ್ ಇರಲೇಬೇಕು ಎಂದು ತೀರ್ಮಾನಿಸಿದಳು.

ಆಸ್ಪತ್ರೆಗೆ ಹೋಗಲಿಲ್ಲ. ಕಮಿಷನ್ನಿನ ಮಾತು ಬರೀ ನೆಪ. ಅವಳಿಗಿದ್ದದ್ದು ಭಯ. ಕಾಯಿಲೆ ಗೋಧಿಯಿಂದಲೇ ಎಂದು ಕಾಗದದ ಮೇಲೆ ಬಂದುಬಿಟ್ಟರೆ? ಅಪ್ಪನ ಒಲೆಯ ಮುಂದೆ ನಿಲ್ಲುವುದು ಬಿಟ್ಟರೆ ಅವಳಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಆದರೂ ಪಥ್ಯ ಹಿಡಿದಳು. ಅನ್ನ, ತರಕಾರಿ, ಹಣ್ಣು. ತನ್ನ ಕೈಯಾರೆ ಸುಟ್ಟ ಬನ್ನನ್ನು ಊಟಕ್ಕೆ ಮುಟ್ಟಲಿಲ್ಲ. ವಾರ ವಾರ ಕೊಡೆ ಅಂಗಡಿಯ ಮೆಟ್ಟಿಲು ಹತ್ತಿದಳು. ಅವನು ನೀರು ಕಾಯಿಸಿ ಕೊಡುತ್ತಿದ್ದ, ಹೋದ ವಾರ ಅವಳು ಹೇಳಿದ್ದನ್ನೆಲ್ಲ ನೆನಪಿಟ್ಟು ಕೇಳುತ್ತಿದ್ದ. ಎಡಗೈ ತುರಿಕೆ ಹೇಗಿದೆ? ಅತ್ತಿಗೆಯ ಜೊತೆಗಿನ ಮುನಿಸು ಮುಗೀತಾ? ಅಪ್ಪ ಕನಸಲ್ಲಿ ಬಂದಿದ್ರು ಅಂದ್ರಲ್ಲ, ಮತ್ತೆ ಬಂದ್ರಾ?

ಅವಳಿಗೇ ಗೊತ್ತಿಲ್ಲದಂತೆ ಆ ದಿನಗಳಲ್ಲಿ ಸೀರೆಗೆ ಇಸ್ತ್ರಿ ಬೀಳತೊಡಗಿತು.

'ಇಷ್ಟು ಚೆನ್ನಾಗಿ ಮಾತಾಡೋರು ಯಾರೂ ಸುಮ್ನೆ ಮಾತಾಡಲ್ಲ' ಎಂದು ಬುದ್ಧಿ ಎಚ್ಚರಿಸುತ್ತಿತ್ತು. ಮನಸ್ಸು ಆ ಮಾತಿಗೆ ಕಿವಿಗೊಡದೆ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡುತ್ತಿತ್ತು.

ಹೊಟ್ಟೆ ಮಾತ್ರ ಸುಧಾರಿಸಲಿಲ್ಲ. ಎರಡು ದಿನ ಪರವಾಗಿಲ್ಲ ಅನ್ನಿಸಿದರೆ ಮೂರನೆಯ ದಿನ ಮತ್ತೆ ಅದೇ ಗೋಳು. ಒಂದು ಸಲ ಅವನು ಮೆಲ್ಲಗೆ ಕೇಳಿದ.

"ಏನಾದ್ರೂ ತಿಂದ್ರಾ?"

"ಕದ್ದು ತಿನ್ನೋಳ ಥರ ಕಾಣ್ತೀನಾ ನಾನು?"

ಅವನು ಇಲ್ಲವೆಂದು ತಲೆಯಾಡಿಸಿದ. ಆದರೆ ಕನ್ನಡಕದ ಹಿಂದಿನ ಕಣ್ಣಿನಲ್ಲಿ ಅನುಮಾನವಿತ್ತು. ಅದು ಅವಳನ್ನು ಹೊಟ್ಟೆ ನೋವಿಗಿಂತ ಹೆಚ್ಚು ನೋಯಿಸಿತು.

ಅದೇ ವಾರ ಅತ್ತಿಗೆ ಗಲ್ಲಾದಿಂದ ಕೈ ಬೀಸಿ ಕರೆದಳು. ಎದುರು ಸಾಲಿನಲ್ಲಿ ಹೊಸದಾಗಿ ಅಂಗಡಿಯೊಂದು ತೆರೆದಿತ್ತು. ಗೋಧಿ ಸೋಕದ ಬಿಸ್ಕತ್ತು, ಗೋಧಿ ಸೋಕದ ಬ್ರೆಡ್ಡು ಎಂದು ಗಾಜಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು. ಅದರೊಳಗಿಂದ ಪಥ್ಯದವನು ಚೀಲ ತುಂಬ ಪೊಟ್ಟಣ ಹಿಡಿದು ಹೊರಬಂದ. ಅಂಗಡಿಯವನು ಬಾಗಿಲ ತನಕ ಬಂದು ಕೈಕುಲುಕಿ ಕಳಿಸಿದ.

"ನಿನಗೆ ಗೋಧಿ ಬಿಡ್ಸೋನೂ ಅವನೇ, ಅಲ್ಲಿಗೆ ಗಿರಾಕಿ ಕಳ್ಸೋನೂ ಅವನೇ," ಎಂದಳು ಅತ್ತಿಗೆ. "ನಮ್ಮ ಒಲೆ ಆರ್ಸೋಕೆ ಬಂದಿದಾನೆ ಕಣೇ. ಬೆಳ್ಳಗಿರೋದೆಲ್ಲ ಹಾಲಲ್ಲ."

ಅವಳ ಎದೆಯಲ್ಲಿ ಏನೋ ಮುರಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಆದರೆ ಪ್ರೀತಿಸಿದವರ ಮೇಲೆ ಅನುಮಾನ ಹುಟ್ಟಿದಾಗ ಅಷ್ಟು ವ್ಯವಧಾನ ಯಾರಿಗಿರುತ್ತದೆ, ನೀವೇ ಹೇಳಿ.

ಮರುದಿನ ಬೆಳಿಗ್ಗೆ ಮೊದಲ ತಟ್ಟೆ ಬನ್ನು ಒಲೆಯಿಂದ ಇಳಿಯುವ ಹೊತ್ತಿಗೆ ಹಿಂಬಾಗಿಲಲ್ಲಿ ಅವನೇ ನಿಂತಿದ್ದ. ಅವಳು ನೋಡಲಿಲ್ಲ. ಎಂದಿನಂತೆ ನಾದಿದ ಹಿಟ್ಟಿನಿಂದ ಚಿವುಟಿ ನಾಲಿಗೆಗೆ ಇಟ್ಟಳು, ಉಪ್ಪು ಸರಿಯಿತ್ತು. ಬಿಸಿ ಬನ್ನಿನ ಮೂಲೆ ಮುರಿದು ಅಗಿದಳು. ಇನ್ನೊಂದು ತಟ್ಟೆಯಿಂದ ಇನ್ನೊಂದು ಮೂಲೆ.

"ಇದೇನಿದು?"

ಅವಳು ಬೆಚ್ಚಿ ತಿರುಗಿದಳು. "ಏನು ಇದೇನಿದು? ರುಚಿ ನೋಡ್ದೆ."

"ತಿಂದ್ರಿ."

"ರುಚಿ ನೋಡೋದು ತಿನ್ನೋ ಲೆಕ್ಕ ಅಲ್ಲ. ರುಚಿ ನೋಡದೇನೇ ಯಾವ ಬೇಕರಿಯೋಳು ಬನ್ನು ಮಾರ್ತಾಳೆ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಪ್ಪನೂ ಹಾಗೆಯೇ ಹೇಳುತ್ತಿದ್ದರು. ಉಪವಾಸದ ದಿನವೂ ಹಿಟ್ಟಿನ ರುಚಿ ನೋಡಿ, ತಾವು ಏನೂ ತಿಂದಿಲ್ಲವೆಂದು ಬಿಗುಮಾನದಿಂದ ಮಲಗುತ್ತಿದ್ದರು. ನಾಲಿಗೆಗೆ ಬಿದ್ದದ್ದು ಕೆಲಸದ ಲೆಕ್ಕ, ತಟ್ಟೆಗೆ ಬಿದ್ದದ್ದು ಊಟದ ಲೆಕ್ಕ. ಅದು ಆ ಒಲೆಯ ಮುಂದೆ ಬೆಳೆದವರ ಕಾನೂನು.

ಅಷ್ಟೂ ದಿನ ಕದ್ದು ತಿನ್ನುತ್ತಿದ್ದೀರೆಂದು ತಿಳಿದಿದ್ದೆ, ಅದಕ್ಕೇ ನೋಡಲು ಬಂದೆ ಎಂದು ಅವನು ಒಪ್ಪಿಕೊಂಡ. ಪತ್ತೇದಾರಿಕೆಗೆ ಬಂದಿದ್ದನೇ? ಅವಳಿಗೆ ರೇಗಿ ಹೋಯಿತು. ಎದುರಿನ ಅಂಗಡಿ, ಚೀಲ, ಪೊಟ್ಟಣ, ಕೈಕುಲುಕು, ಎಲ್ಲವನ್ನೂ ಅವನ ಮುಖಕ್ಕೆ ಎಸೆದಳು. ಎಷ್ಟು ಸಿಗುತ್ತೆ ನಿಮಗೆ ಎಂದೂ ಕೇಳಿಬಿಟ್ಟಳು.

ಅವನ ಮುಖ ಬಿಳಿಚಿತು. ಸಮಜಾಯಿಷಿ ಕೊಡುತ್ತಾನೆ, ಬೇಡಿಕೊಳ್ಳುತ್ತಾನೆ ಎಂದು ಕಾದಳು. ಅವನು ಕೊಟ್ಟದ್ದು ಒಂದೇ ಮಾತು.

"ನಂಬಿಕೆ ಇಲ್ದೆ ಇದ್ರೆ ಪಥ್ಯ ಬೇಡ. ಬಿಟ್ಬಿಡಿ."

ಹೋದ. ಹಿಂತಿರುಗಿ ಕೂಡ ನೋಡಲಿಲ್ಲ.

ಸಿಟ್ಟು ಬಂದರೆ ನಮ್ಮ ಬನ್ನಕ್ಕ ಹಟಕ್ಕೆ ಬೀಳುವವಳು. 'ರುಚಿಯನ್ನೂ ನೋಡಲ್ಲ. ಹಿಟ್ಟನ್ನೇ ಮುಟ್ಟಲ್ಲ. ಆಗಲೂ ಹೊಟ್ಟೆ ನೋಯುತ್ತಲ್ಲ, ಆಗ ಹೋಗಿ ಮುಖಕ್ಕೆ ಹೇಳ್ತೀನಿ, ನೀನು ಕಳ್ಳ ಅಂತ!' ಅತ್ತಿಗೆಯನ್ನು ಒಲೆಯ ಮುಂದೆ ನಿಲ್ಲಿಸಿ, ತಾನು ಮೂಗಿಗೆ ಬಟ್ಟೆ ಕಟ್ಟಿ ದೂರದಿಂದ ಹೇಳಿಕೊಟ್ಟಳು.

ಹೊಟ್ಟೆ ತಣ್ಣಗಾಗತೊಡಗಿತು.

ದಿನಗಳು ಕಳೆದಂತೆ ಮೊಣಕೈ ತುರಿಕೆ ಒಣಗಿತು. ಬಾಯಿ ಹುಣ್ಣು ಮಾಯಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಒಂದು ಮಧ್ಯಾಹ್ನ ನಡುವೆ ಎಲ್ಲೂ ಕೂರದೆ ಸಂತೆ ಬೀದಿಯ ತುದಿಯ ತನಕ ನಡೆದು ಬಂದಳು. ಬಂದವಳು ಹಿಟ್ಟಿನ ಮೂಟೆಗಳ ಪಕ್ಕ ಕುಸಿದು ಅತ್ತುಬಿಟ್ಟಳು. ಗುಣವಾದದ್ದಕ್ಕೆ ಅಳುವವರನ್ನು ಎಲ್ಲಾದರೂ ನೋಡಿದ್ದೀರಾ? ಮೈ ಹಗುರವಾದಷ್ಟೂ ಒಲೆ ದೂರವಾಗುತ್ತಿತ್ತು. ಅವನು ಹೇಳಿದ್ದು ನಿಜವಾಗಿತ್ತು. ಅದು ಸುಳ್ಳಾಗಲಿ ಎಂದು ಅವಳು ಎಷ್ಟು ಬೇಡಿದ್ದಳು!

ಅವನ ಹತ್ತಿರ ಹೋದಳು. ಬಾಗಿಲು ಹಾಕಿತ್ತು.

'ಗಂಟುಮೂಟೆ ಕಟ್ಟಿದ... ಇವನೂ ಅಷ್ಟೇ.' ಹಳೆಯ ಅನುಮಾನ ಮತ್ತೆ ತಲೆಯೆತ್ತಿತು. ಅಷ್ಟರಲ್ಲಿ ಕೆಳಗಿನ ಕೊಡೆ ರಿಪೇರಿಯವನು, ಮನುಷ್ಯ ಒಳಗೇ ಇದ್ದಾನೆ, ಏನೋ ತಿಂದು ಹಾಸಿಗೆ ಹಿಡಿದಿದ್ದಾನೆ, ಬಾಗಿಲು ದೂಡಿ ಹೋಗಿ ಎಂದ.

ಅವನು ರೋಗಿಗಳ ಬೆಂಚಿನ ಮೇಲೆಯೇ ಮುದುರಿ ಮಲಗಿದ್ದ. ಮೇಜಿನ ಮೇಲೆ ಆ ಪೊಟ್ಟಣಗಳು. ಎಲ್ಲವೂ ಹರಿದಿದ್ದವು, ಪ್ರತಿಯೊಂದರಲ್ಲೂ ಒಂದೆರಡು ಬಿಸ್ಕತ್ತು ಮಾತ್ರ ಕಡಿಮೆ. ಅವನ ಮೊಣಕೈಯಲ್ಲಿ ಕೆಂಪು ಗುಳ್ಳೆಗಳು. ಅವಳಿಗೆ ಚೆನ್ನಾಗಿ ಪರಿಚಯವಿದ್ದ ಗುಳ್ಳೆಗಳು.

"ನಿಮಗೂ..." ಎಂದಳು.

ಚಿಕ್ಕಂದಿನಿಂದಲೂ ಇದೆ ಎಂದ. ಆ ಅಂಗಡಿಯವನು ಗೋಧಿ ಸೋಕಿಲ್ಲ ಎಂದು ಬರೆಸಿದ್ದು ನಿಜವೋ ಸುಳ್ಳೋ ಎಂದು ಅವಳಿಗೆ ಹೇಳುವ ಮುಂಚೆ, ಕೆಲವು ದಿನಕ್ಕೊಂದು ಪೊಟ್ಟಣ ಒಡೆದು ತಾನೇ ತಿಂದು ನೋಡುತ್ತಿದ್ದನಂತೆ. ಒಂದು ಪೊಟ್ಟಣ ಸುಳ್ಳು ಹೇಳಿತ್ತು. ಕಾಯಿಲೆ ಇರುವ ವೈದ್ಯನ ಹತ್ತಿರ ಯಾರು ಬರುತ್ತಾರೆಂದು ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ.

ಅವಳು ನೀರು ಕಾಯಿಸಿ ಕೊಟ್ಟಳು. ಅವನು ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಇನ್ನೊಂದಿದೆ. ಮೊದಲ ದಿನಾನೇ ನಿಮ್ಮ ಉಗುರು ನೋಡಿ ಗೊತ್ತಾಗಿತ್ತು. ತಿನ್ನೋದು ಬಿಟ್ರೆ ಸಾಲದು, ಒಲೆನೇ ಬಿಡ್ಬೇಕಾಗುತ್ತೆ ಅಂತ. ಹೇಳ್ಲಿಲ್ಲ."

"ಯಾಕೆ?"

"ಮೊದ್ಲು ಧೈರ್ಯ ಸಾಲ್ಲಿಲ್ಲ. ಆಮೇಲೆ... ಹೇಳಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

ಅವಳು ಗೋಡೆಗೆ ಒರಗಿ ನಿಂತಳು. ಏನೋ ಮುಚ್ಚಿಟ್ಟಿದ್ದಾನೆ ಎಂಬ ಅನುಮಾನ ಸುಳ್ಳಾಗಿರಲಿಲ್ಲ. ಇಷ್ಟು ದಿನ ಅವಳು ಕಮಿಷನ್ನಿನ ಕಳ್ಳನನ್ನು ಹುಡುಕಿದ್ದಳು. ಸಿಕ್ಕಿದವನು ಅವಳನ್ನು ಕಳೆದುಕೊಳ್ಳಲು ಹೆದರಿದವನು.

"ಅಷ್ಟು ದಿನ ನೋವು ತಿಂದೆ ನಾನು," ಎಂದಳು.

"ಹೌದು. ನನ್ನಿಂದ."

ಅವನು ನೆಪ ಹೇಳಲಿಲ್ಲ. ಅವಳಿಗೆ ಅಳು ಬಂದದ್ದು ಅದಕ್ಕೇ.

ಅವನು ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರಮ್ಮ ತಡಮಾಡಿದ್ದಕ್ಕೆ ಅವಳನ್ನೂ, ಪರೀಕ್ಷೆಯಾಯಿತೇ ಎಂದು ವಿಚಾರಿಸದೆ ಪಥ್ಯ ನಡೆಸಿದ್ದಕ್ಕೆ ಅವನನ್ನೂ ಸರಿಯಾಗಿ ಬೈದರು. ಪರೀಕ್ಷೆಗಳಾದವು. ಗೋಧಿಯೇ. ಬದುಕಿರುವ ತನಕ ದೂರವಿರಬೇಕು, ಹಿಟ್ಟಿನ ಧೂಳೂ ಬೇಡ.

ಒಲೆಯನ್ನು ಅತ್ತಿಗೆಗೆ ಒಪ್ಪಿಸುವ ದಿನ ಬಂತು. ಕೊನೆಯ ತಟ್ಟೆಯನ್ನು ತಾನೇ ಒಳಗೆ ದೂಡಿ, ತಾನೇ ಹೊರಗೆಳೆದಳು. ಮೂಗಿಗೆ ಬಟ್ಟೆ ಕಟ್ಟಿದ್ದರಿಂದ ವಾಸನೆ ಕೂಡ ಸಿಗಲಿಲ್ಲ. ಅತ್ತಿಗೆ ಅವಳನ್ನು ತಬ್ಬಿ, ನಾನೇ ನಿನ್ನ ತಲೆ ಕೆಡಿಸಿದೆ ಕಣೇ ಎಂದು ಅತ್ತಳು. ಅಕ್ಕಿ ಹಿಟ್ಟಿನಲ್ಲಿ ಏನಾದರೂ ಬೇರೆ ಶುರುಮಾಡುತ್ತೀನಿ ಎಂದು ಅವಳು ಸಮಾಧಾನ ಹೇಳಿದಳು. ಹೇಗೆ, ಎಲ್ಲಿ ಎಂದು ಅವಳಿಗೂ ಗೊತ್ತಿರಲಿಲ್ಲ. ಅಪ್ಪನ ಒಲೆಯ ಬಿಸಿ ಇಟ್ಟಿಗೆಗೆ ಅಂಗೈ ಒತ್ತಿ, ಬರ್ತೀನಪ್ಪಾ ಎಂದು ಹೊರಗೆ ಬಂದಳು.

ಎದುರು ಫುಟ್‌ಪಾತಿನ ಮೇಲೆ ಅವನು ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಬಿಟ್ಟು ಬಂದ್ರಾ?"

"ಬಂದೆ."

"ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಇದೆ. ಜೀವನಪೂರ್ತಿ ಇರುತ್ತೆ."

"ಅಷ್ಟು ದಿನ ಕೋಪ ಮಾಡ್ಕೊಳ್ಬೇಕಾದ್ರೆ ಹತ್ರದಲ್ಲೇ ಇರ್ಬೇಕಾಗುತ್ತೆ," ಎಂದ ಅವನು. ದನಿಯಲ್ಲಿ ತಮಾಷೆಯಿತ್ತು, ಕಣ್ಣಲ್ಲಿ ಮಾತ್ರ ಭಯ. "ಇರ್ತೀರಾ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನನಗೆ ಅನುಮಾನ ಜಾಸ್ತಿ. ಗೊತ್ತಲ್ಲ? ಇನ್ನೇನಾದ್ರೂ ಮುಚ್ಚಿಟ್ಟಿದ್ರೆ ಈಗಲೇ ಹೇಳ್ಬಿಡಿ."

ಅವನ ಕಿವಿ ಕೆಂಪಾಯಿತು.

"ಒಂದಿದೆ. ನೀವು ಎದ್ದು ಹೋದ್ಮೇಲೆ ಮುಂದಿನೋರನ್ನ ಬೇಕಂತಲೇ ಕಾಯಿಸ್ತಿದ್ದೆ. ನಿಮ್ಮ ಕುರ್ಚಿಯಲ್ಲಿ ಇನ್ನೊಬ್ರನ್ನ ಕೂರ್ಸೋಕೆ ಮನಸ್ಸು ಬರ್ತಿರ್ಲಿಲ್ಲ."

ಅವಳು ಅವನ ಕೈ ಹಿಡಿದುಕೊಂಡಳು.

"ಪಾಪ, ಕಾಯೋರೆಲ್ಲ ಕಾಯಿಲೆಯೋರು. ಇನ್ಮೇಲೆ ಕಾಯಿಸ್ಬೇಡಿ. ನಾನೆಲ್ಲೂ ಎದ್ದು ಹೋಗಲ್ಲ."