ಕವಲಿನಿಂದ ಹಿಂದಿರುಗಿದ ಗಾಡಿ

ಜನವರಿ ಹದಿನಾಲ್ಕು, ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಹೆಂಚಿರ್ ರುಮ್ಮಾನ್ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಮಬ್ರೂಕಾ, ಮನೆ ಊರಾಚೆಯ ಆಲಿವ್ ಗಾಣದ ಪಕ್ಕ. ಎಂಟು ತಿಂಗಳ ಬಸುರಿಯಾಗಿದ್ದ ಅವಳ ಮಗಳು ದಲಂದಾ ಹಿಂದಿನ ಸಂಜೆ ಗುಡ್ಡದ ಮೇಲಿನ ಗಂಡನ ಮನೆಯಲ್ಲಿ ತೀರಿಕೊಂಡಿದ್ದಳು. ಮಧ್ಯಾಹ್ನದ ನಮಾಜು ಮುಗಿಯುತ್ತಲೇ ಮಣ್ಣು ಮಾಡುವವರಿದ್ದರು. ಹೆಣಕ್ಕೆ ಸ್ನಾನ ಮಾಡಿಸಲು ಹೋದ ತಾಯಿ ಮಗಳ ಎರಡೂ ಮಣಿಕಟ್ಟಿನಲ್ಲಿ ನೀಲಿಗಟ್ಟಿದ ಗುರುತು ಕಂಡಿದ್ದಳು. ನಾಲಗೆ ಕಚ್ಚಿ ಹರಿದಿತ್ತು. ಮುಖ ಯಾರದೋ ಎನ್ನುವಷ್ಟು ಊದಿತ್ತು.

"ಹೊಡೆದು ಸಾಯಿಸಿದಾರೆ. ಆಸ್ಪತ್ರೇಲಿದಾಳೆ, ಚೆನ್ನಾಗಿದಾಳೆ ಅಂತ ನಾಲ್ಕು ದಿನ ನಂಗೆ ಸುಳ್ಳು ಹೇಳಿದಾನೆ."

"ಯಾರು?"

"ಅವಳ ಭಾವ, ಗಂಡನ ಅಣ್ಣ. ಶಾದ್ಲಿ."

ದೂರು ಬರೆದುಕೊಂಡವಳು ಇನ್‌ಸ್ಪೆಕ್ಟರ್ ಜಲೀಲಾ ವರ್ತಾನಿ. ಟ್ಯುನೀಷಿಯಾದ ಈ ಬೆಟ್ಟದ ಸೀಮೆಗೆ ಅವಳು ಬಂದು ಆರು ವರ್ಷವಾಗಿತ್ತು. ಗಂಡನೆಲ್ಲಿ ಎಂದು ಕೇಳಿದಳು. ಗಂಡ ನೂಮಾನ್ ಬಿಝರ್ತೆಯ ಮೀನಿನ ದೋಣಿಯಲ್ಲಿ ಕೆಲಸಕ್ಕಿದ್ದ, ಸಮುದ್ರದ ಮೇಲಿದ್ದ, ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮನೆಯಲ್ಲಿ ಉಳಿದವರು ವಿಧುರ ಶಾದ್ಲಿ ಮತ್ತು ಅರಳುಮರಳಾದ ಅವನ ತಾಯಿ. ಜಲೀಲಾ ಎಫ್‌ಐಆರ್ ದಾಖಲಿಸಿ, ಸರ್ಕಾರಿ ಅಭಿಯೋಜಕರಿಗೆ ಫೋನು ಮಾಡಿ ಶವಪರೀಕ್ಷೆಯ ಆದೇಶ ಪಡೆದಳು. ಹೆಡ್ ಕಾನ್‌ಸ್ಟೇಬಲ್ ಮೂಲ್ದಿಯನ್ನು ಕರೆದುಕೊಂಡು ಜೀಪು ಹತ್ತಿದಳು.

ಹೆಣವನ್ನು ಆಗಲೇ ಹೊರಗಿಟ್ಟಿದ್ದರು. ಪೊಲೀಸರು ತಡೆದಾಗ ನೆರೆದ ಗಂಡಸರೆಲ್ಲ ಒಟ್ಟಿಗೆ ಗದ್ದಲ ಮಾಡಿದರು. ಸತ್ತವಳಿಗೂ ಮರ್ಯಾದೆ ಇಲ್ಲವೇ ಎಂದರು, ಹೆಂಗಸು ಬಂದು ಮಣ್ಣು ನಿಲ್ಲಿಸುವ ಕಾಲ ಬಂತಲ್ಲ ಎಂದರು. ಗದ್ದಲ ಮಾಡದೆ ನಿಂತವನು ಶಾದ್ಲಿ ಒಬ್ಬನೇ. ನಲವತ್ತೈದರ ಸಣಕಲ, ಕಣ್ಣು ಕೆಂಪಾಗಿತ್ತು. ಜಲೀಲಾಳ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅವಳನ್ನ ಕುಯ್ಯಬೇಡಿ" ಎಂದ.

"ಯಾಕೆ?"

ಅವನು ತಿರುಗಿ ಹೋಗಿ ಹೆಣದ ಪಕ್ಕ ನಿಂತ. ಜಲೀಲಾ ಅದನ್ನು ಮನಸ್ಸಿನಲ್ಲಿ ಅವನ ವಿರುದ್ಧವೇ ಬರೆದುಕೊಂಡಳು.

ಹನ್ನೊಂದಕ್ಕೆ ಇಬ್ಬರು ಪಂಚರ ಮುಂದೆ ಕೋಣೆಯ ಪಂಚನಾಮೆ ನಡೆಯಿತು. ಹಾಸಿಗೆಯ ಬಳಿ ವಿನಿಗರ್ ವಾಸನೆಯ ಒದ್ದೆ ಬಟ್ಟೆಗಳು, ಹಲ್ಲಿನ ಗುರುತು ಮೂಡಿದ ಒಂದು ಮರದ ಚಮಚ, ಮುಟ್ಟದೆ ಬಿಟ್ಟ ಗಂಜಿ. ರಕ್ತವಿದ್ದದ್ದು ದಿಂಬಿನ ಮೇಲೆ, ಬಾಯಿ ಬರುವ ಜಾಗದಲ್ಲಿ. ಬೀಗ ಮುರಿದಿರಲಿಲ್ಲ, ಸಾಮಾನು ಚೆಲ್ಲಾಡಿರಲಿಲ್ಲ. ದಲಂದಾಳ ಫೋನು ಮಾತ್ರ ಮನೆಯಲ್ಲಿರಲಿಲ್ಲ. ಮೂಲ್ದಿ ಅದನ್ನು ಅಂಗಳದಲ್ಲಿ ನಿಂತಿದ್ದ ಶಾದ್ಲಿಯ ಪಿಕಪ್ ಗಾಡಿಯಿಂದ ತೆಗೆದು ತಂದ. ಸ್ವಿಚ್ ಆಫ್ ಆಗಿತ್ತು.

ಮರುದಿನ ಸಂಜೆ ಶವಪರೀಕ್ಷೆ ಮಾಡಿದ ಡಾಕ್ಟರರು ಫೋನು ಮಾಡಿದರು. ಹೊಡೆತದ ಗಾಯವಿಲ್ಲ, ವಿಷವಿಲ್ಲ. ಮಿದುಳಿನಲ್ಲಿ ರಕ್ತಸ್ರಾವ, ಪಿತ್ತಜನಕಾಂಗಕ್ಕೂ ಹಾನಿ. ಬಸುರಿನಲ್ಲಿ ಏರುವ ರಕ್ತದೊತ್ತಡ ಮಿತಿಮೀರಿ ಫಿಟ್ಸ್ ಬಂದಿದೆ. ನಾಲಗೆ ಕಚ್ಚಿಕೊಂಡದ್ದು ಅವಳೇ. ಒದ್ದಾಡುವಾಗ ಯಾರೋ ಬಿಗಿಯಾಗಿ ಹಿಡಿದದ್ದರಿಂದ ಮಣಿಕಟ್ಟಿನ ಗುರುತು. ಮಗು ಹೊಟ್ಟೆಯಲ್ಲೇ ಸತ್ತಿದೆ, ಗಂಡು.

"ಹಂಗಾದ್ರೆ ಕೇಸು ದೇವರ ಮೇಲೆ ಹಾಕ್ಬೇಕು ಮೇಡಂ" ಎಂದ ಮೂಲ್ದಿ. "ಸಮನ್ಸ್ ಜಾರಿ ಮಾಡೋಕೆ ನನ್ನ ಕಳಿಸ್ಬೇಡಿ."

ಜಲೀಲಾ ನಗಲಿಲ್ಲ. ಡಾಕ್ಟರರ ಕೊನೆಯ ಮಾತು ಅವಳ ಕಿವಿಯಲ್ಲಿತ್ತು. ಇದು ಒಂದೇ ದಿನದಲ್ಲಿ ಕೊಲ್ಲುವ ಕಾಯಿಲೆಯಲ್ಲ, ಹೇಳಿಯೇ ಬರುತ್ತದೆ ಎಂದಿದ್ದರು. ಗುಳಿಗೆಗೆ ಬಗ್ಗದ ತಲೆನೋವು. ಕಣ್ಣು ಮಂಜಾಗುವುದು, ಕಿಡಿ ಕಾಣುವುದು. ಬಲಪಕ್ಕೆಯ ಕೆಳಗೆ ನೋವು, ವಾಂತಿ. ಇದ್ದಕ್ಕಿದ್ದಂತೆ ಮುಖ, ಕೈ ಊದುವುದು. ಸಮಯಕ್ಕೆ ಕರೆತಂದು, ಇಂಜೆಕ್ಷನ್ ಕೊಟ್ಟು ಮಗುವನ್ನು ತೆಗೆದಿದ್ದರೆ ಬಹುಶಃ ಇಬ್ಬರೂ ಉಳಿಯುತ್ತಿದ್ದರು. "ಆ ಹುಡುಗಿ ಯಾರಿಗಾದರೂ ಹೇಳಿಯೇ ಹೇಳಿರುತ್ತಾಳೆ. ಯಾರಿಗೆ ಹೇಳಿದಳು ಅಂತ ಕೇಳಿ ನೋಡಿ."

ಜಲೀಲಾ ಅದನ್ನೇ ಕೇಳುತ್ತ ಹೊರಟಳು.

ಮೊದಲು ಸಿಕ್ಕಿದ್ದು ದೂರು ಕೊಟ್ಟವಳೇ. ಗುರುವಾರ ಬೆಳಿಗ್ಗೆ ಮಬ್ರೂಕಾಳ ಮನೆಯಲ್ಲಿ ಆ ಪ್ರಶ್ನೆ ಕೇಳಿದಾಗ ಅವಳು ಬಹಳ ಹೊತ್ತು ಒಲೆಯ ಬೂದಿ ಕೆದಕುತ್ತಿದ್ದಳು. ಹಿಂದಿನ ವಾರ ಬುಧವಾರ ಮಗಳು ಫೋನು ಮಾಡಿದ್ದು ನಿಜ. ತಲೆ ಸಿಡಿಯುತ್ತಿದೆ, ಕಣ್ಣ ಮುಂದೆ ಕಿಡಿ ಹಾರುತ್ತಿವೆ ಎಂದಿದ್ದೂ ನಿಜ.

"ನೀವೇನಂದ್ರಿ?"

"ಲಿಂಬೆಹುಲ್ಲಿನ ಕಷಾಯ ಕುಡಿದು ಮಲಗು ಅಂದೆ. ಐದು ಹೆತ್ತವಳು ನಾನು, ಎಲ್ಲಾರಿಗೂ ಆಗತ್ತೆ ಅಂದೆ. ಮುಖ ಊದಿದ್ರೆ ಗಂಡು ಅಂತ ಹೇಳಿ ನಗಿಸಿದೆ." ಆಮೇಲೆ ಅವಳೇ ಕೇಳಿದಳು, "ಇದನ್ನೂ ಬರ್ಕೊತೀರಾ?"

ಜಲೀಲಾ ಬರೆದುಕೊಂಡಳು.

ತಾಯಿಯ ಮಾತು ಕೇಳಿ ಮಲಗಿದ್ದ ದಲಂದಾ ಮರುದಿನ ತಾನೇ ಗುಡ್ಡ ಇಳಿದು ಆರೋಗ್ಯ ಕೇಂದ್ರಕ್ಕೆ ಹೋಗಿದ್ದಳು. ಅಲ್ಲಿನ ದಾದಿ ಹಸ್ನಾ ಅವಳ ರಕ್ತದೊತ್ತಡ ನೋಡಿದರೆ ನೂರ ಎಪ್ಪತ್ತು, ನೂರ ಹತ್ತು. ಯಂತ್ರ ಕೆಟ್ಟಿದೆಯೇನೋ ಎಂದು ಮಲಗಿಸಿ ಮತ್ತೆ ನೋಡಿದರೂ ಅಷ್ಟೇ. ಮೂತ್ರದಲ್ಲಿ ಪ್ರೋಟೀನು ಇಳಿಯುತ್ತಿತ್ತು. ಹಸ್ನಾ ಒಂದು ಮಾತ್ರೆ ನುಂಗಿಸಿ ಆಂಬುಲೆನ್ಸಿಗೆ ಫೋನು ಮಾಡಿದಳು. ಸುತ್ತಲ ಹಳ್ಳಿಗಳಿಗೆಲ್ಲ ಇರುವ ಒಂದೇ ಆಂಬುಲೆನ್ಸು ಬೇರೆಲ್ಲೋ ಅಪಘಾತಕ್ಕೆ ಹೋಗಿತ್ತು. ಮನೆಗೆ ತಿಳಿಸಿದಾಗ ಶಾದ್ಲಿ ಕುರಿ ಸಾಗಿಸುವ ಪಿಕಪ್ಪಿನಲ್ಲಿ ಓಡೋಡಿ ಬಂದ.

"ನೇರ ಆಸ್ಪತ್ರೆಗೆ ಅಂದೆ ಮೇಡಂ. ಮನೆಗಲ್ಲ, ಬಟ್ಟೆ ತರೋಕೂ ಅಲ್ಲ. ತಾಯಿ ಮಗು ಇಬ್ರೂ ಹೋಗ್ತಾರೆ ಅಂತ ಅವನ ಮುಖಕ್ಕೇ ಹೇಳಿದೀನಿ. ತಲೆಯಾಡಿಸಿದ. ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ."

"ಆಮೇಲೆ?"

ಮರುದಿನ ಫೋನು ಮಾಡಿ ಕೇಳಿದ್ದಳು. ಸೇರಿಸಿದ್ದೇನೆ, ಹುಷಾರಾಗಿದ್ದಾಳೆ ಎಂದು ಶಾದ್ಲಿ ಹೇಳಿದ. ಅವಳು ನಂಬಿದಳು. "ಆಸ್ಪತ್ರೆಗೆ ಒಂದ್ಸಲ ಕೇಳಿದ್ರೆ ಗೊತ್ತಾಗ್ತಿತ್ತು. ಆವತ್ತು ಲಸಿಕೆ ಹಾಕೋ ದಿನ, ಹೊರಗೆ ಅಷ್ಟುದ್ದ ಸಾಲು." ಹಸ್ನಾ ಅಳತೊಡಗಿದಳು. ಜಲೀಲಾಳಿಗೆ ಸಮಾಧಾನ ಹೇಳುವ ಮನಸ್ಸಾಗಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಲಂದಾ ಎಂಬ ಹೆಸರಿನವರು ಆ ವಾರ ಬಂದೇ ಇರಲಿಲ್ಲ. ಹಾಗಾದರೆ ಗಾಡಿ ಎಲ್ಲಿಗೆ ಹೋಯಿತು? ಶುಕ್ರವಾರ ಬೆಳಿಗ್ಗೆ ಜಲೀಲಾ ಮೂಲ್ದಿಯ ಜೊತೆ ಅದೇ ದಾರಿ ಹಿಡಿದಳು. ಪಟ್ಟಣದ ದಾರಿ, ಗುಡ್ಡದ ದಾರಿ ಬೇರೆಯಾಗುವ ಕವಲಿನಲ್ಲಿ ಮಣ್ಣಿನ ಒಲೆ ಇಟ್ಟು ರೊಟ್ಟಿ ಮಾರುವ ಖೀರಾ ಎಂಬ ಮುದುಕಿ ಕೂತಿರುತ್ತಾಳೆ. ಮೂಲ್ದಿ ರೊಟ್ಟಿ ಕೊಳ್ಳುವ ನೆಪದಲ್ಲಿ ಮಾತು ತೆಗೆದ.

ಮುದುಕಿಗೆ ಚೆನ್ನಾಗಿ ನೆನಪಿತ್ತು. ಗಾಡಿ ಪಟ್ಟಣದ ಕಡೆ ತಿರುಗಿ ನಾಲ್ಕು ಮಾರು ಹೋಗಿ ನಿಂತಿತ್ತು. ಒಳಗೆ ಬಸುರಿ, ತಲೆ ಹಿಡಿದುಕೊಂಡು ಕೂತಿದ್ದಳು. ಅವಳಿಗೆ ನೀರು ಕೊಟ್ಟದ್ದು ಖೀರಾಳೇ.

"ಅವನೆಲ್ಲಿದ್ದ?"

"ಕೆಳಗಿಳಿದು ಗಾಡಿಗೆ ಹಣೆ ಆನಿಸಿ ಅಳ್ತಿದ್ದ, ತಾಯಿ. ಅಷ್ಟು ವಯಸ್ಸಾದ ಗಂಡಸು. ಏನಾಯ್ತಪ್ಪ ಅಂದೆ, ಕಣ್ಣು ಒರೆಸ್ಕೊಂಡು ಗಾಡಿ ಹತ್ತಿದ. ಆಮೇಲೆ ಗಾಡಿ ತಿರುಗಿಸ್ಕೊಂಡು ಗುಡ್ಡಕ್ಕೇ ವಾಪಸ್ ಹೋದ. ಆ ಹುಡುಗಿ ಕಿಟಕಿಯಿಂದ ನನ್ನೇ ನೋಡ್ತಿತ್ತು."

ಅಂದು ಮಧ್ಯಾಹ್ನ ಎರಡಕ್ಕೆ ಶಾದ್ಲಿಯನ್ನು ಠಾಣೆಗೆ ಕರೆಸಿದರು. ಮೂಲ್ದಿ ಕಂಪ್ಯೂಟರಿನ ಮುಂದೆ ಕೂತ.

"ಗುರುವಾರ ದಲಂದಾನ್ನ ಎಲ್ಲಿಗೆ ಕರ್ಕೊಂಡು ಹೋದೆ?"

"ಆಸ್ಪತ್ರೆಗೆ. ನೋಡಿ ವಾಪಸ್ ಕಳಿಸಿದ್ರು."

"ಹೆರಿಗೆ ವಾರ್ಡಿಗೆ ಯಾವ ಕಡೆಯಿಂದ ಹೋದೆ?"

"ಹಸಿರು ಗೇಟು. ಎದುರಿಗೆ ಮೆಟ್ಟಿಲು. ಹತ್ತಿದ್ರೆ ಎಡಗಡೆ."

"ಆ ಕಟ್ಟಡ ಕೆಡವಿ ಎರಡು ವರ್ಷ ಆಯ್ತು ಶಾದ್ಲಿ."

ಅವನು ತನ್ನ ಅಂಗೈ ನೋಡುತ್ತ ಕೂತ. ಆ ಮೆಟ್ಟಿಲು ಹತ್ತಿದ್ದು ಯಾವಾಗ ಎಂದು ಜಲೀಲಾ ಕೇಳಿದಳು. ಒಂಬತ್ತು ವರ್ಷದ ಹಿಂದೆ ಎಂದ. ಹೆಂಡತಿ ಝಕಿಯಾಳನ್ನು ಎತ್ತಿಕೊಂಡು ಹತ್ತಿದ್ದ.

ಆಮೇಲೆ ಅವನು ತಡೆಯಿಲ್ಲದೆ ಹೇಳಿದ. ಕವಲು ದಾಟಿದೊಡನೆ ದೂರದಲ್ಲಿ ಆಸ್ಪತ್ರೆಯ ಬಿಳಿ ನೀರಿನ ಟ್ಯಾಂಕು ಕಂಡಿತು, ಕಾಲು ಬ್ರೇಕಿನಿಂದ ಏಳಲಿಲ್ಲ. ದಾರಿ ಮುಚ್ಚಿದೆ ಎಂದು ದಲಂದಾಳಿಗೆ ಸುಳ್ಳು ಹೇಳಿದ. ಮಾತ್ರೆಯಿಂದಲೋ ಏನೋ ಆ ದಿನ ಅವಳಿಗೆ ಸ್ವಲ್ಪ ನೋವು ಇಳಿಯಿತು, ನಿದ್ದೆ ಬಂತು. ತಾನು ಅವಳನ್ನು ಉಳಿಸಿಕೊಂಡೆ ಎಂದುಕೊಂಡ. ಅವಳು ತನ್ನ ತಾಯಿಗೆ ಫೋನು ಮಾಡಿದರೆ ಅವರು ಬಂದು ಆಸ್ಪತ್ರೆಗೇ ಎಳೆದೊಯ್ಯುತ್ತಾರೆಂದು ಫೋನು ಕಿತ್ತುಕೊಂಡ. ಭಾನುವಾರ ಪಕ್ಕೆಲುಬಿನ ಕೆಳಗೆ ನೋವೆಂದು ಅವಳು ಮಡಚಿಕೊಂಡು ಬಿದ್ದಳು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕರೆದುಕೊಂಡು ಹೋಗಿ ಎಂದು ಬೇಡಿದಳು. ನಾಳೆ ಎಂದ. "ಭಾವ, ನಿಮ್ಮ ಮುಖ ಎರಡೆರಡು ಕಾಣ್ತಿದೆ" ಎಂದಳಂತೆ. ಸೋಮವಾರ ಫಿಟ್ಸ್ ಶುರುವಾಯಿತು. ಹಣೆಗೆ ವಿನಿಗರ್ ಬಟ್ಟೆ ಹಾಕಿ, ಹಲ್ಲಿನ ನಡುವೆ ಚಮಚ ಇಟ್ಟು, ಗೋಡೆಗೆ ಕೈ ಬಡಿದುಕೊಳ್ಳದಿರಲಿ ಎಂದು ಮಣಿಕಟ್ಟು ಹಿಡಿದು ಕೂತಿದ್ದ.

"ಆವಾಗ್ಲಾದ್ರೂ ಯಾಕೆ ಕರ್ಕೊಂಡು ಹೋಗ್ಲಿಲ್ಲ?"

"ಝಕಿಯಾನ್ನ ಹಂಗೇ ಒದ್ದಾಡ್ತಿರುವಾಗ್ಲೇ ಕರ್ಕೊಂಡು ಹೋಗಿದ್ದು ಮೇಡಂ. ಒಳಗೆ ತಗೊಂಡು ಬಾಗಿಲು ಹಾಕಿದ್ರು. ಬೆಳಿಗ್ಗೆ ಬಟ್ಟೆ ಸುತ್ತಿ ಎರಡು ಕೊಟ್ರು. ಒಂದು ದೊಡ್ಡದು, ಒಂದು ಚಿಕ್ಕದು." ಅವನು ಮೊದಲ ಸಲ ತಲೆಯೆತ್ತಿದ. "ಅವ್ರು ಕುಯ್ದು ಕೊಂದ್ರು. ನಮ್ಮ ತಮ್ಮನ ಹೆಂಡ್ತಿನ ಮನೇಲೇ ಉಳಿಸ್ಕೊಳೋಣ ಅಂದ್ಕೊಂಡೆ."

ಜಲೀಲಾ ನೀರಿನ ಲೋಟ ಅವನ ಕಡೆ ಸರಿಸಿದಳು. ಮುಂದಿನ ಪ್ರಶ್ನೆ ಕೇಳಲೇಬೇಕೆಂದಿರಲಿಲ್ಲ. ಆರೋಪಕ್ಕೆ ಬೇಕಾದಷ್ಟು ಆಗಲೇ ಕಂಪ್ಯೂಟರಿನಲ್ಲಿತ್ತು. ಆದರೂ ಕೇಳಿದಳು.

"ಆಸ್ಪತ್ರೆಗೆ ಒಯ್ಯೋಕೆ ಮುಂಚೆ ಝಕಿಯಾ ಹೇಗಿದ್ಲು?"

"ಚೆನ್ನಾಗೇ ಇದ್ಲು. ಎರಡು ವಾರದಿಂದ ತಲೆನೋವು ಅಂತಿದ್ಲು, ಅಷ್ಟೆ. ಮೈ ಕೈ ತುಂಬ್ಕೊಂಡಿತ್ತು. ಬೆರಳು ದಪ್ಪ ಆಗಿ ಉಂಗುರ ಬರ್ದೆ ಸೋಪು ಹಚ್ಚಿ ತೆಗೆದ್ವಿ. ನಾವೆಲ್ಲ ನಕ್ಕಿದ್ವಿ." ಅವನ ಮಾತು ನಿಧಾನವಾಯಿತು. "ಒಂದಿನ ಚಹಾ ಬಗ್ಗಿಸ್ತಾ ಲೋಟದ ಆಚೆ ತಟ್ಟೆ ಮೇಲೆ ಸುರಿದ್ಲು. ಯಾಕೆ ಅಂದ್ರೆ, ಲೋಟ ಎರಡು ಕಾಣ್ಸತ್ತೆ ಅಂ..."

ಮೂಲ್ದಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಹೊರಗೆ ಶುಕ್ರವಾರದ ಸಂತೆಯ ಟ್ರಕ್ಕೊಂದು ಹಾದುಹೋಯಿತು.

"ಅದೇ ಕಾಯಿಲೆ" ಎಂದಳು ಜಲೀಲಾ. "ಆಸ್ಪತ್ರೆಯವರ ಕೈಗೆ ಸಿಗೋ ಹೊತ್ತಿಗೆ ತಡ ಆಗಿತ್ತು."

ಹೇಳಿದ ಮೇಲೆ, ಹೇಳಬಾರದಿತ್ತು ಎನ್ನಿಸಿತು. ಅವನು ಅಳಲಿಲ್ಲ. ಎದುರಿನ ಮೇಜಿನ ಮೇಲೆ ಏನನ್ನೋ ಎಣಿಸುವವನ ಹಾಗೆ ಬೆರಳಾಡಿಸುತ್ತಿದ್ದ.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ, ಅಪಾಯದಲ್ಲಿದ್ದವಳಿಗೆ ನೆರವು ತಪ್ಪಿಸಿ ಸಾವಿಗೆ ಕಾರಣನಾದ ಆರೋಪದ ಮೇಲೆ ಶಾದ್ಲಿಯನ್ನು ಬಂಧಿಸಲಾಯಿತು. ಆ ಹೊತ್ತಿಗೆ ನೂಮಾನ್ ಬಿಝರ್ತೆಯಿಂದ ಬಂದಿಳಿದಿದ್ದ. ಠಾಣೆಯ ಮೆಟ್ಟಿಲ ಮೇಲೆ ಕೂತವನು, ಅಣ್ಣನನ್ನು ನೋಡುತ್ತೀಯಾ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿದ.

ಶಾದ್ಲಿಗೆ ಓದಲು ಬಾರದ್ದರಿಂದ ಹೇಳಿಕೆಯನ್ನು ಓದಿ ಹೇಳಬೇಕಾಗಿತ್ತು. ಜಲೀಲಾ ಓದತೊಡಗುವ ಮುನ್ನ ಅವನು ಕೈ ಅಡ್ಡ ಮಾಡಿದ.

"ದಲಂದಾ ವಿಷಯ ಎಲ್ಲಾ ಇರ್ಲಿ ಮೇಡಂ, ನಾನೇ ಮಾಡಿದ್ದು. ಝಕಿಯಾದು ತೆಗೆದುಬಿಡಿ. ಅವಳನ್ನ ಆಸ್ಪತ್ರೆಯವ್ರೇ ಕೊಂದ್ರು ಅಂತ ಇರ್ಲಿ."

ತೆಗೆಯುವಂತಿರಲಿಲ್ಲ. ಯಾಕೆ ಮಾಡಿದ ಎಂದು ನ್ಯಾಯಾಲಯ ಕೇಳುವ ಪ್ರಶ್ನೆಗೆ ಅದೊಂದೇ ಉತ್ತರವಿತ್ತು. ಜಲೀಲಾ ತಲೆನೋವಿನಿಂದ ಲೋಟದವರೆಗೆ ಎಲ್ಲವನ್ನೂ ಸಣ್ಣ ದನಿಯಲ್ಲಿ ಓದಿದಳು. ಅವನು ಗೋಡೆಯ ಕಡೆ ತಿರುಗಿ ಕೇಳಿಸಿಕೊಂಡ. ಮುಗಿದಾಗ ಎದ್ದು ಬಂದು, ಮೂಲ್ದಿ ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ.